'ಕನ್ಸಲ್ಟೇಶನ್' ಅಂದ್ರೆ ಕೇಳೋದಾ, ಒಪ್ಪೋದಾ?

ಮದುವೆ ಮಾತುಕತೆಗೆ ಮುಂಚೆ 'ಸೋದರಮಾವನ್ನ ಒಂದು ಮಾತು ಕೇಳಿ' ಅಂತಾರೆ. ಕೇಳ್ತೀವಿ. ಅವರು ಬೇಡ ಅಂದ್ರೆ ಮದುವೆ ನಿಲ್ಲುತ್ತಾ? ಇಂಗ್ಲಿಷಿನ 'ಕನ್ಸಲ್ಟೇಶನ್' ಪದದ ಜಗಳ ಇದೇ. ಜಡ್ಜ್‌ಗಳನ್ನು ಆರಿಸೋದು ಯಾರು ಅನ್ನೋದೇ ಈ ಪದದ ಮೇಲೆ ನಿಂತಿದೆ.

ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ನೇಮಿಸುವಾಗ ರಾಷ್ಟ್ರಪತಿ ಮುಖ್ಯ ನ್ಯಾಯಮೂರ್ತಿಯ ಜೊತೆ 'ಕನ್ಸಲ್ಟೇಶನ್' ನಡೆಸಬೇಕು ಎನ್ನುತ್ತದೆ ಸಂವಿಧಾನದ 124ನೇ ವಿಧಿ. ಅದನ್ನು 'ಕನ್ಕರೆನ್ಸ್', ಅಂದರೆ ಸಮ್ಮತಿ, ಎಂದು ಬದಲಿಸುವ ಸಲಹೆ ಸಂವಿಧಾನ ಸಭೆಗೆ ಬಂದಿತ್ತು. 1949ರ ಮೇ 24ರಂದು ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಗೂ ಎಲ್ಲರಂತೆ ದೌರ್ಬಲ್ಯಗಳಿರುತ್ತವೆ, ವೀಟೋ ಕೊಡುವುದು ಅಪಾಯ ಎಂಬುದು ಅವರ ವಾದ.

1981ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸಮಾಲೋಚನೆ ಬೇರೆ, ಸಮ್ಮತಿ ಬೇರೆ ಎಂದಿತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಉಲ್ಟಾ ಹೊಡೆಯಿತು: ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯಕ್ಕೇ ಪ್ರಾಧಾನ್ಯ. ಕೊಲಿಜಿಯಂ ಹುಟ್ಟಿದ್ದು ಹೀಗೆ. ಸಂವಿಧಾನದ ಪದ ಮಾತ್ರ ಅದೇ!

ಕೋರ್ಟಿನ ಭಯಕ್ಕೆ ಕಾರಣವೂ ಇತ್ತು. 1973ರಲ್ಲಿ ಸರ್ಕಾರ ಕನ್ನಡಿಗ ಕೆ.ಎಸ್. ಹೆಗ್ಡೆ ಸೇರಿ ಮೂವರು ಹಿರಿಯರನ್ನು ಬದಿಗಿಟ್ಟು ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿತ್ತು. ಆದರೂ ಭಯಕ್ಕೆ ಮದ್ದಾಗಿ ಪದದ ಅರ್ಥವನ್ನೇ ತಿರುಚಿದ್ದು ನನಗೆ ಸರಿ ಕಾಣಲ್ಲ. ನಾಳೆ ಇದೇ ವಿದ್ಯೆಯನ್ನು ಸರ್ಕಾರವೂ ಕಲಿಯಬಹುದು.

ಮುಂದಿನ ಸಲ ಯಾವುದೋ ಯೋಜನೆಗೆ 'ಪಬ್ಲಿಕ್ ಕನ್ಸಲ್ಟೇಶನ್ ಮುಗಿದಿದೆ' ಅಂತ ಯಾರಾದ್ರೂ ಹೇಳಿದರೆ, ಒಂದೇ ಪ್ರಶ್ನೆ ಕೇಳಿ: ಜನ ಬೇಡ ಅಂದಿದ್ರೆ ನಿಲ್ಲಿಸ್ತಿದ್ರಾ?