ಯುರೇನಸ್‌ಗೆ ಬಳೆ ಸಿಕ್ಕಿದ ರಾತ್ರಿ: ಕಾವಲೂರಿನ ಕಣ್ಣಿಗೆ ಬಿದ್ದದ್ದೇನು?

ಬಂಗಾರಪೇಟೆಯಲ್ಲಿ ಚೆನ್ನೈ ಕಡೆಯ ರೈಲು ಹತ್ತಿದವರಿಗೆ ಜೋಲಾರಪೇಟೆ ಗೊತ್ತು, ಅದರಾಚೆಯ ವಾಣಿಯಂಬಾಡಿಯೂ ಗೊತ್ತು. ಆದರೆ ವಾಣಿಯಂಬಾಡಿಯಿಂದ ಜವ್ವಾದಿ ಬೆಟ್ಟ ಹತ್ತಿದರೆ ಕಾವಲೂರು ಅಂತ ಒಂದು ಊರಿದೆ, ಅಲ್ಲಿ ನಮ್ಮ ಬೆಂಗಳೂರು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ದೊಡ್ಡ ದುರ್ಬೀನು ಇಟ್ಟಿದ್ದಾರೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಸಂಗತಿ 1977ರ ಮಾರ್ಚ್ 10ರ ರಾತ್ರಿಯದು. ಯುರೇನಸ್ ಗ್ರಹ ತುಲಾ ರಾಶಿಯ ಒಂದು ಮಂಕು ನಕ್ಷತ್ರದ ಮುಂದೆ ಹಾದುಹೋಗುತ್ತದೆಂದು ಲೆಕ್ಕ ಸಿಕ್ಕಿತ್ತು. ಪಂಡಿತರು ಇದಕ್ಕೆ ಆಚ್ಛಾದನೆ ಅಂತಾರೆ. ನಾವು ಮರೆಯಾಗೋದು ಅಂದರೆ ಸಾಕು.

ಇದರಿಂದೇನು ಲಾಭ ಅಂತ ಕೇಳ್ತೀರಾ? ರಾತ್ರಿ ಎದುರು ಸಾಲಿನ ಅಂಗಡಿಯಲ್ಲಿ ಒಂದು ಬಲ್ಬು ಉರಿಯುತ್ತಿದೆ ಅನ್ನಿ. ನಡುವೆ ದೀಪವಿಲ್ಲದ ಲಾರಿಯೊಂದು ಹೋಯಿತು. ಲಾರಿ ಕಾಣದಿದ್ದರೂ ಬಲ್ಬು ಎಷ್ಟು ಹೊತ್ತು ಮರೆಯಾಯಿತು, ಲಾರಿಯ ವೇಗವೆಷ್ಟು ಎಂದು ತಿಳಿದರೆ ಅದರ ಉದ್ದ ಹೇಳಬಹುದು. ಲೆಕ್ಕ ಇಷ್ಟೇ. ಯುರೇನಸ್ ಇರುವುದು ಸೂರ್ಯನಿಂದ ಸುಮಾರು 290 ಕೋಟಿ ಕಿಲೋಮೀಟರ್ ದೂರದಲ್ಲಿ. ಅಲ್ಲಿಯ ಸಣ್ಣ ವಸ್ತು ಯಾವ ದುರ್ಬೀನಿಗೂ ಸುಲಭಕ್ಕೆ ಕಾಣದು. ಆದರೆ ಅದರ ನೆರಳು ನಮ್ಮ ಮೇಲೆ ಬಿದ್ದರೆ ಸಿಕ್ಕಿಬಿತ್ತು!

ಕಾವಲೂರಿನಲ್ಲಿ ಆ ರಾತ್ರಿ ಒಂದು ಮೀಟರ್ ದುರ್ಬೀನಿನ ಬಳಿ ಇದ್ದವರು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ. ನಕ್ಷತ್ರದ ಬೆಳಕು ಹಠಾತ್ತನೆ ಕುಸಿಯಿತು, ಮತ್ತೆ ಬಂತು. ಹತ್ತು ಸೆಕೆಂಡೂ ಇಲ್ಲ! ಗ್ರಹವೇ ಅಡ್ಡ ಬಂದಿದ್ದರೆ ಇಷ್ಟು ಬೇಗ ಬಿಡುತ್ತಿರಲಿಲ್ಲ. ಯುರೇನಸ್‌ಗೆ ಆಗ ಗೊತ್ತಿದ್ದ ಚಂದ್ರರು ಐದೇ. ಇದು ಆರನೆಯವನಿರಬೇಕು ಎಂದು ಇವರು ಹೊಸ ಉಪಗ್ರಹವೆಂದೇ 'ನೇಚರ್' ಪತ್ರಿಕೆಗೆ ಬರೆದರು.

ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ಇನ್ನೊಂದು ಆಟ ನಡೆದಿತ್ತು. ಅಮೆರಿಕದ ಜೇಮ್ಸ್ ಎಲಿಯಟ್ ತಂಡ ವಿಮಾನದೊಳಗೇ ದುರ್ಬೀನಿಟ್ಟುಕೊಂಡು ಹಾರುತ್ತಿತ್ತು. ಗ್ರಹದ ಮರೆಗೆ ನಕ್ಷತ್ರ ಹೋಗುವ ಮೊದಲು ಐದು ಸಲ ಬೆಳಕು ಕುಸಿಯಿತು, ಹೊರಬಂದ ಮೇಲೆಯೂ ಐದು ಸಲ. ಎರಡು ಕಡೆಯ ದೂರವೂ ತಾಳೆಯಾಯಿತು. ಚಂದ್ರನಾದರೆ ಒಂದು ಕಡೆ ಇರುತ್ತಾನೆ. ಎರಡೂ ಕಡೆ ಸಮನಾಗಿ ಇರುವುದು ಸುತ್ತಿಕೊಂಡ ಬಳೆ ಮಾತ್ರ! ಅಲ್ಲಿಯವರೆಗೆ ಬಳೆ ತೊಟ್ಟವನು ಶನಿಯೊಬ್ಬನೇ ಎಂದು ಲೋಕವೆಲ್ಲ ನಂಬಿತ್ತು.

ಹಾಗಾದರೆ ನಮ್ಮವರು ಸೋತರೇ? ಹಾಗನ್ನೋದು ಅನ್ಯಾಯ. ಬಳೆ ಮರೆಮಾಡಿದ್ದನ್ನು ಕಾವಲೂರೂ ಕಂಡಿತ್ತು. ಕಂಡದ್ದು ನಿಜ, ಇಟ್ಟ ಹೆಸರು ಬೇರೆ. ಎದ್ದು ಕಂಡ ಒಂದೇ ಮರೆಯಿಂದ ಬಳೆಯೋ ಚಂದ್ರನೋ ಹೇಳುವುದು ಕಷ್ಟ. ಆಮೇಲೆ ಹಳೆಯ ದಾಖಲೆಯನ್ನೇ ಮತ್ತೆ ಜಾಲಾಡಿ, ಸಂಸ್ಥೆಯ ನಿರ್ದೇಶಕ ವೈಣು ಬಾಪು ಅವರ ಜತೆ ಭಟ್ಟಾಚಾರ್ಯರು ಅದೇ 1977ರಲ್ಲಿ ಶನಿಯಂಥ ಬಳೆಗಳ ಸಾಲೇ ಇದೆ ಎಂದು ಅದೇ 'ನೇಚರ್'ನಲ್ಲಿ ಬರೆದರು. ತಾವೇ ಹೇಳಿದ್ದನ್ನು ತಾವೇ ತಿದ್ದಿಕೊಂಡರು. ನಮ್ಮ ರಾಜಕಾರಣಿಗಳಿಗೆ ಈ ಅಭ್ಯಾಸ ಉಂಟೇ ಸ್ವಾಮಿ?

1986ರ ಜನವರಿಯಲ್ಲಿ ವಾಯೇಜರ್-2 ನೌಕೆ ಹತ್ತಿರ ಹೋಗಿ ಬಳೆಗಳ ಫೋಟೋ ಕಳಿಸಿತು. ಇವತ್ತಿನ ಲೆಕ್ಕಕ್ಕೆ ಹದಿಮೂರು ಬಳೆ. ಅದೇ ವರ್ಷ ಕಾವಲೂರಿಗೆ 2.3 ಮೀಟರಿನ ದುರ್ಬೀನು ಬಂತು, ವೀಕ್ಷಣಾಲಯಕ್ಕೆ ಬಾಪು ಅವರ ಹೆಸರಿಟ್ಟರು. ಅದನ್ನು ನೋಡಲು ಅವರು ಇರಲಿಲ್ಲ. 1982ರಲ್ಲೇ ತೀರಿಕೊಂಡಿದ್ದರು.

ನೆರಳು ಹಿಡಿಯುವ ಈ ಕೆಲಸ ನಿಂತಿಲ್ಲ. ಚಾರಿಕ್ಲೋ ಎಂಬ ಪುಟ್ಟ ಆಕಾಶಕಾಯಕ್ಕೂ ಬಳೆ ಇದೆಯೆಂದು 2013ರಲ್ಲಿ ಗೊತ್ತಾದದ್ದು, ದೂರದ ಹೌಮಿಯಾಕ್ಕೆ 2017ರಲ್ಲಿ ಗೊತ್ತಾದದ್ದು ಇದೇ ಉಪಾಯದಿಂದ. ನೆರಳು ಎಲ್ಲಿ ಬೀಳುತ್ತದೋ ಅಲ್ಲಿದ್ದವರೇ ನೋಡಬೇಕು. ಅದಕ್ಕೆ ದೊಡ್ಡ ದೇಶ, ಸಣ್ಣ ಊರು ಎಂಬ ಭೇದವಿಲ್ಲ. ಹಾಗಾಗಿ ಸಣ್ಣ ದುರ್ಬೀನಿನ ಹವ್ಯಾಸಿಗಳಿಗೂ ಈ ಕೆಲಸದಲ್ಲಿ ಪಾಲಿದೆ.

ನಮ್ಮ ಶಾಲೆಗಳು ವರ್ಷ ವರ್ಷ ಮಕ್ಕಳನ್ನು ಬಸ್ಸು ತುಂಬಿಸಿ ಊರೂರು ತೋರಿಸುತ್ತವೆ. ಇಷ್ಟು ಹತ್ತಿರದ ಕಾವಲೂರನ್ನೂ ಆ ಪಟ್ಟಿಗೆ ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಹೆಡ್‌ಮಾಸ್ತರುಗಳೇ, ಕೇಳಿಸಿತೇ?