ನಿಮಗಿದು ಗೊತ್ತೇ? ಟರ್ಬೊ ಇದ್ದೂ ತೆವಳುವ ಹಿಮಗಾಡಿ

ಟರ್ಬೊ ಹಾಕಿದ ಸ್ನೋಮೊಬೈಲ್ ಇದ್ದಕ್ಕಿದ್ದಂತೆ ಎಳೆಯದೇ ಹೋದರೆ ಮಾಲೀಕರು ಮೊದಲು ಬೈಯುವುದು ಟರ್ಬೊವನ್ನು. ಪಳಗಿದ ಮೆಕ್ಯಾನಿಕ್ ಮಾತ್ರ ಅದರ ತಂಟೆಗೆ ಹೋಗದೆ ಪಕ್ಕದ ಪ್ಯಾನೆಲ್ ತೆಗೆದು ಒಂದು ರಬ್ಬರ್ ಬೆಲ್ಟನ್ನು ಹೊರಗೆಳೆಯುತ್ತಾನೆ.

ಈ ಗಾಡಿಗಳಲ್ಲಿ ಒಂದು, ಎರಡು, ಮೂರು ಎಂದು ಬದಲಾಯಿಸುವ ಗೇರ್‌ಗಳಿಲ್ಲ. ನಮ್ಮ ಊರಿನ ಗೇರಿಲ್ಲದ ಸ್ಕೂಟರಿನಲ್ಲಿರುವ ಸಿವಿಟಿ ವ್ಯವಸ್ಥೆಯೇ ಅಲ್ಲೂ ಇರುವುದು: ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಸ್ಕೂಟರಿನ ಬೆಲ್ಟ್ ಹೊರುವುದು ಎಂಟು ಅಶ್ವಶಕ್ತಿಯ ಆಸುಪಾಸು. ಇಲ್ಲಿ ಅದರ ಪಾಲಿಗೆ ಬರುವುದು 165, ಕೆಲವು ಗಾಡಿಗಳಲ್ಲಿ 180!

ದೋಷ ಎಲ್ಲಿದೆ ಎಂದು ತಿಳಿಯಲು ಎಷ್ಟೋ ಸಲ ಸ್ಪ್ಯಾನರ್ ಕೂಡ ಬೇಡ, ಮೀಟರ್ ನೋಡಿದರೆ ಸಾಕು. ಪೂರ್ತಿ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ ಇರಬೇಕಾದ್ದಕ್ಕಿಂತ ಮೇಲಕ್ಕೆ ಹಾರಿ ವೇಗ ಮಾತ್ರ ಏರದಿದ್ದರೆ ಬೆಲ್ಟ್ ಜಾರುತ್ತಿದೆ ಎಂದು ಅನುಮಾನಿಸಬೇಕು. ಆರ್‌ಪಿಎಂ ಕೆಳಗೇ ಉಳಿದರೆ ಎಂಜಿನ್ನಿಗೆ ಕಸುವು ಬರುತ್ತಿಲ್ಲ, ಇಲ್ಲವೇ ಪುಲ್ಲಿಯೊಳಗಿನ ಕ್ಲಚ್ ತೂಕಗಳು ಅದಕ್ಕೆ ಭಾರವಾಗಿವೆ. ಆರ್‌ಪಿಎಂ ಸರಿಯಿದ್ದೂ ಗಾಡಿ ನಿಧಾನವೆಂದರೆ ಕೆಳಗೆ ಏನೋ ಹಿಡಿದೆಳೆಯುತ್ತಿದೆ. 850 ಸಿಸಿಯ ಎರಡು ಸ್ಟ್ರೋಕ್ ಎಂಜಿನ್‌ಗಳು ಗರಿಷ್ಠ ಶಕ್ತಿ ಕೊಡುವುದು 8 ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ. ಮೀಟರ್ ನೋಡದೆ ಸೆನ್ಸರ್ ಬದಲಿಸಲು ಹೊರಡುವುದು ಜ್ವರ ನೋಡದೆ ಮಾತ್ರೆ ಬರೆದಂತೆ.

ಬೆಲ್ಟ್ ತುಂಡಾಗಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ. ಅಗಲದಲ್ಲಿ ಸುಮಾರು 3 ಮಿಲಿಮೀಟರ್ ಸವೆದರೂ ಅದು ಪುಲ್ಲಿಯಲ್ಲಿ ಕೂರಬೇಕಾದ ಎತ್ತರದಲ್ಲಿ ಕೂರುವುದಿಲ್ಲ. ಬದಿಗಳನ್ನು ಬೆಳಕಿಗೆ ಹಿಡಿದು ನೋಡಬೇಕು: ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಸುಟ್ಟ ಹೊಳಪು. ಒಳಗೆಲ್ಲ ಕಪ್ಪು ಪುಡಿ ಉದುರಿರುತ್ತದೆ. ಸ್ವಲ್ಪ ದೂರ ಓಡಿಸಿ, ಎಂಜಿನ್ ಆರಿಸಿ, ಪುಲ್ಲಿಯ ಹತ್ತಿರ ಅಂಗೈ ಹಿಡಿದಾಗ ಕಾವು ತಡೆಯಲಾಗದಷ್ಟಿದ್ದರೆ ಎಂಜಿನ್ನಿನ ಶಕ್ತಿ ಹಿಮಕ್ಕೆ ತಲುಪುವ ಮೊದಲೇ ಶಾಖವಾಗಿ ಹೋಗುತ್ತಿದೆ.

ಬೆಟ್ಟ ಹತ್ತಿದರೆ ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಮೆರಿಕದ ಕೊಲರಾಡೊದಲ್ಲಿ 10 ಸಾವಿರ ಅಡಿಯ ಕಣಿವೆದಾರಿಗಳು ಸಾಮಾನ್ಯ. ಅಲ್ಲಿಗೆ ಹೋಗುವಷ್ಟರಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ಮಾಯ. ಗುಲ್ಮಾರ್ಗ್‌ಗೆ ಹೋದ ಬೆಂಗಳೂರಿನ ಪ್ರವಾಸಿಗರಿಗೆ ಬಾಡಿಗೆಯ ಹಿಮಗಾಡಿ ಸ್ವಲ್ಪ ಸೋಮಾರಿ ಎನಿಸಿದರೆ ಗಾಡಿಯವನನ್ನು ಬೈಯಬೇಕಿಲ್ಲ. ಆ ಊರೇ 2,650 ಮೀಟರ್ ಎತ್ತರದಲ್ಲಿದೆ.

ಈ ನಷ್ಟ ತುಂಬಿಕೊಡುವ ಪ್ರಯೋಗ 1918ರಷ್ಟು ಹಳೆಯದು. ಜನರಲ್ ಎಲೆಕ್ಟ್ರಿಕ್‌ನ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್, ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 14 ಸಾವಿರ ಅಡಿ ಎತ್ತರಕ್ಕೆ, ಸಾಗಿಸಿ ಓಡಿಸಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356! ಟರ್ಬೊದ ಮೂಲ ಪೇಟೆಂಟ್ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿಯವರದು, 1905ರದು.

ಎರಡು ಸ್ಟ್ರೋಕಿನ ಸ್ನೋಮೊಬೈಲ್‌ಗೆ ಕಾರ್ಖಾನೆಯಲ್ಲೇ ಟರ್ಬೊ ಕೂರಿಸಿ ಮಾರಿದ ಮೊದಲ ಗಾಡಿ ಬಂದದ್ದು ಮಾತ್ರ ತೀರಾ ಈಚೆಗೆ. ಅದು ಸ್ಕೀ-ಡೂ ಸಮಿಟ್‌ನ 2021ರ ಮಾದರಿ. ಸಮುದ್ರಮಟ್ಟದ 165 ಅಶ್ವಶಕ್ತಿಯನ್ನು 8 ಸಾವಿರ ಅಡಿಯವರೆಗೆ ಕಾಯ್ದುಕೊಳ್ಳುತ್ತದೆ ಎಂಬುದು ಕಂಪನಿಯ ಭರವಸೆ. ಇಲ್ಲಿ ಗಮನಿಸಬೇಕಾದ್ದು 'ವರೆಗೆ' ಎಂಬ ಷರತ್ತನ್ನು. 11 ಸಾವಿರ ಅಡಿಯಲ್ಲಿ ನಿಂತು ಶಕ್ತಿ ಕಡಿಮೆಯಾಯಿತು ಎಂದು ದೂರುವವನ ಗಾಡಿಯಲ್ಲಿ ಯಾವ ದೋಷವೂ ಇಲ್ಲದಿರಬಹುದು.

ಸ್ಕೀ-ಡೂ ಹಿಂದಿರುವ ಹೆಸರು ಕ್ಯಾನಡಾದ ಕ್ವಿಬೆಕ್ ಪ್ರಾಂತ್ಯದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಅವರದು. 1934ರ ಚಳಿಗಾಲದಲ್ಲಿ ಹಿಮ ಮುಚ್ಚಿದ ದಾರಿಯಿಂದಾಗಿ ಆಸ್ಪತ್ರೆಗೆ ಒಯ್ಯಲಾಗದೆ ಅವರ ಪುಟ್ಟ ಮಗ ತೀರಿಕೊಂಡ. ಹಿಮದ ಮೇಲೆ ಓಡುವ ಅವರ ವಾಹನಕ್ಕೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ, ಸ್ಕೀ-ಡೂ ಮಾರುಕಟ್ಟೆಗೆ ಬಂದದ್ದು 1959ರಲ್ಲಿ.

ಹಿಮಗಾಡಿಯ ಉಸಿರು ಕಟ್ಟಿಸುವುದು ಹಿಮವೇ. ಮುಂದಿನ ಗಾಡಿ ಎಬ್ಬಿಸಿದ ಹಿಮದ ಪುಡಿ ಹಿಂದಿನ ಗಾಡಿಯ ಗಾಳಿಕಿಂಡಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಓಡುತ್ತಿರುವಾಗ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಾಫಿ ಕುಡಿಯಲು ನಿಲ್ಲಿಸಿದರೋ, ಎಂಜಿನ್ನಿನ ಕಾವಿಗೆ ಹಿಮ ಕರಗಿ, ನೀರು ಜಾಲರಿಯ ಕಣ್ಣುಗಳಲ್ಲಿ ಇಳಿದು, ಮರಳಿ ಹೆಪ್ಪುಗಟ್ಟುತ್ತದೆ. ಮತ್ತೆ ಹೊರಟಾಗ ಮಂಜುಗಡ್ಡೆಯ ಪದರದ ಮೂಲಕವೇ ಗಾಡಿ ಗಾಳಿ ಎಳೆಯಬೇಕು. ಟರ್ಬೊ ಎಷ್ಟೇ ತಿರುಗಲಿ, ಬರದ ಗಾಳಿಯನ್ನು ಒತ್ತುವುದು ಹೇಗೆ? ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಗಡ್ಡೆ ಕರಗಿ ಕಾಯಿಲೆಯೂ ಮಾಯ, ಸಾಕ್ಷ್ಯವೂ ಮಾಯ. ಗಾಡಿ ಬೆಟ್ಟದಲ್ಲಿ ಕೆಟ್ಟು ಗ್ಯಾರೇಜಿನಲ್ಲಿ ಸರಿಯಾಗುತ್ತಿದ್ದರೆ ಮೊದಲು ಮಂಜುಗಡ್ಡೆಯ ಮೇಲೆ ಸಂಶಯ ಪಡಿ.

ಒತ್ತಡ ಅಳೆಯುವ ಸೆನ್ಸರಿನ ಸಣ್ಣ ಕೊಳವೆಯಲ್ಲಿ ಒಂದು ಹನಿ ನೀರು ಹೆಪ್ಪುಗಟ್ಟಿದರೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ.

ಅಂದಹಾಗೆ, ಚಳಿ ಎಂಜಿನ್ನಿನ ಶತ್ರುವಲ್ಲ. ಮೈನಸ್ 30 ಡಿಗ್ರಿಯ ಗಾಳಿ, ಅದೇ ಒತ್ತಡದ 20 ಡಿಗ್ರಿ ಗಾಳಿಗಿಂತ ಸುಮಾರು ಶೇ 20ರಷ್ಟು ದಟ್ಟ. ಅಷ್ಟೂ ಹೆಚ್ಚು ಆಮ್ಲಜನಕ ಪುಕ್ಕಟೆ.

ಕ್ಯಾನಡಾ, ಅಮೆರಿಕದ ಬಂಕ್‌ಗಳ 91 ಆಕ್ಟೇನ್ ಮತ್ತು ನಮ್ಮ ಲೆಕ್ಕದ 91 ಒಂದೇ ಅಲ್ಲ. ಆಕ್ಟೇನ್ ಅಳೆಯಲು ರಿಸರ್ಚ್, ಮೋಟರ್ ಎಂದು ಎರಡು ವಿಧಾನಗಳಿವೆ. ಅವರು ಎರಡರ ಸರಾಸರಿ ಬರೆಯುತ್ತಾರೆ, ನಾವು ರಿಸರ್ಚ್ ವಿಧಾನದ ದೊಡ್ಡ ಸಂಖ್ಯೆಯನ್ನು. ಹಾಗಾಗಿ ಅವರ 91 ಎಂದರೆ ನಮ್ಮ ಲೆಕ್ಕದಲ್ಲಿ 95ರ ಸುತ್ತಮುತ್ತ. ಅಲ್ಲಿ ದುಡ್ಡು ಉಳಿಸಲು ಟರ್ಬೊ ಗಾಡಿಗೆ 91ರ ಬದಲು 87 ತುಂಬಿಸಿದರೆ ಟರ್ಬೊ ಒತ್ತಿದ ಬಿಸಿ ಮಿಶ್ರಣ ಅಂಕೆಗೆ ಸಿಗದೆ ಸ್ಫೋಟಿಸತೊಡಗುತ್ತದೆ. ನಾಕ್ ಸೆನ್ಸರ್ ಅದನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳಿ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಇಳಿಸಿ, ಪಿಸ್ಟನ್ನನ್ನು ಉಳಿಸಿಕೊಳ್ಳುತ್ತದೆ. ಸವಾರನಿಗೆ ಗೊತ್ತಾಗುವುದು ಗಾಡಿ ಮಂಕಾಯಿತು ಎಂಬುದಷ್ಟೇ. ಪೆಟ್ರೋಲಿನಲ್ಲಿ ಉಳಿಸಿದ ದುಡ್ಡಿಗೆ ಪಿಸ್ಟನ್ ಬರುವುದಿಲ್ಲ ಎನ್ನುವುದು ನನ್ನ ಲೆಕ್ಕ.

ಪೆಟ್ರೋಲ್ ಪಂಪ್ ಐಡಲ್‌ನಲ್ಲಿ ಪಾಸಾಗಿ ಬೂಸ್ಟ್‌ನಲ್ಲಿ ಫೇಲಾಗಬಹುದು. ಗಾಳಿಯ ದಾರಿಯಲ್ಲಿ ಇಂಜೆಕ್ಟರ್ ಇರುವ ಟರ್ಬೊ ಎಂಜಿನ್‌ನಲ್ಲಿ ಬೂಸ್ಟ್ ಅರ್ಧ ಬಾರ್ ಏರಿದರೆ ಅದು ಇಂಜೆಕ್ಟರಿನ ಬಾಯಿಗೆ ಎದುರು ಒತ್ತುತ್ತದೆ. ಪೆಟ್ರೋಲಿನ ಒತ್ತಡವೂ ಅಷ್ಟೇ ಏರಬೇಕು. ಪಂಪ್ ಸೋತಿದ್ದರೆ, ಫಿಲ್ಟರ್ ಕಟ್ಟಿದ್ದರೆ, ಪೆಟ್ರೋಲ್ ಹೆಚ್ಚು ಬೇಕಾದ ಗಳಿಗೆಯಲ್ಲೇ ಕೊರತೆ ಬೀಳುತ್ತದೆ. ಎರಡು ಸ್ಟ್ರೋಕ್ ಎಂಜಿನ್ ಈ ಸ್ಥಿತಿಯಲ್ಲಿ ಹೆಚ್ಚು ಹೊತ್ತು ತಾಳುವುದಿಲ್ಲ, ಪಿಸ್ಟನ್ನಿನ ನೆತ್ತಿಯೇ ಕರಗುತ್ತದೆ. 'ಸ್ವಲ್ಪ ಮಂಕು, ಮನೆವರೆಗೂ ಹೋಗೋಣ' ಎಂದು ಪೂರ್ತಿ ಥ್ರಾಟಲ್ ಹಿಂಡುವುದು ಅಪಾಯದ ಕೆಲಸ.

ಬೂಸ್ಟ್ ಸೋರಿಕೆ ಹಿಡಿಯಲು ಇಂದಿಗೂ ಬಳಸುವ ಉಪಕರಣ: ಸೋಪಿನ ನೀರು. ಎಂಜಿನ್ ನಿಲ್ಲಿಸಿ, ಗಾಳಿಯ ಕೊಳವೆಗಳಿಗೆ ತಯಾರಕರು ಹೇಳಿದ ಮಿತಿಯೊಳಗೆ ಸಣ್ಣ ಒತ್ತಡ ಕೊಟ್ಟು, ಜೋಡಣೆಗಳ ಮೇಲೆಲ್ಲ ಸವರಿದರೆ ಗುಳ್ಳೆ ಎದ್ದಲ್ಲಿ ಕಳ್ಳ ಇದ್ದಾನೆ. ಕಡು ಚಳಿಗೆ ರಬ್ಬರ್ ಗಟ್ಟಿಯಾಗಿ ಕ್ಲಾಂಪ್‌ನಿಂದ ಕೂದಲೆಳೆಯಷ್ಟು ಜರುಗುವುದು ಮಾಮೂಲು.

ಎರಡು ಸ್ಟ್ರೋಕ್ ಎಂಜಿನ್‌ನ ಹೊಗೆದ್ವಾರದಲ್ಲಿ ಆರ್‌ಪಿಎಂಗೆ ತಕ್ಕಂತೆ ಏರಿಳಿಯುವ ಬಾಗಿಲುಗಳಿರುತ್ತವೆ. ರೋಟ್ಯಾಕ್ಸ್ ಕಂಪನಿ ಇವುಗಳನ್ನು ರೇವ್ ಎನ್ನುತ್ತದೆ, ಪೊಲಾರಿಸ್ ಕಂಪನಿ ವೆಸ್ ಎನ್ನುತ್ತದೆ. ಆಯಿಲಿನ ಮಸಿ ಕಟ್ಟಿ ಅವು ಮುಚ್ಚಿಯೇ ಅಂಟಿಕೊಂಡರೆ ಕೆಳಗಿನ ಎಳೆತ ಚೆನ್ನಾಗಿದ್ದು ಮೇಲೆ ಉಸಿರಿರುವುದಿಲ್ಲ. ತೆರೆದೇ ಅಂಟಿದರೆ ಇದರ ತದ್ವಿರುದ್ಧ.

ಟರ್ಬೊದ ಗಾಲಿ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೊಳವೆ ಕಳಚಿ ಅದರ ದಂಡವನ್ನು ಬೆರಳಿನಿಂದ ಅಲುಗಿಸಿ ನೋಡಬಹುದು. ಅಡ್ಡಡ್ಡ ಚೂರು ಅಲುಗಿದರೆ ಗಾಬರಿ ಬೇಡ, ಅದು ಆಯಿಲ್ ಪದರಕ್ಕೆ ಬಿಟ್ಟ ಜಾಗ. ಮುಂದೆ ಹಿಂದೆ ಜಗ್ಗಿದಾಗ ಕೈಗೆ ತಿಳಿಯುವಷ್ಟು ಆಡಿದರೆ, ರೆಕ್ಕೆಯ ಅಂಚು ಗೋಡೆಗೆ ಉಜ್ಜಿದ ಗೆರೆ ಕಂಡರೆ ಟರ್ಬೊ ಬದಲಿಸಬೇಕು.

ಬಹುಪಾಲು ಸ್ನೋಮೊಬೈಲ್‌ಗಳ ಕೂಲಂಟ್ ತಣಿಯುವುದು ಟ್ರ್ಯಾಕ್ ಎರಚುವ ಹಿಮದಿಂದ. ಟ್ರ್ಯಾಕಿನ ಮೇಲಿನ ಸುರಂಗಕ್ಕೆ ಅಂಟಿಸಿದ ಅಲ್ಯುಮಿನಿಯಂ ಪಟ್ಟಿಗಳಿಗೆ ಹಿಮ ಬಡಿಯುತ್ತಿರಬೇಕು. ಗಟ್ಟಿ ಮಂಜುಗಡ್ಡೆಯ ಕೆರೆಯ ಮೇಲೆ ಎರಚಲು ಪುಡಿ ಹಿಮವೇ ಇರುವುದಿಲ್ಲ. ಸುತ್ತೆಲ್ಲ ಮೈನಸ್ ಡಿಗ್ರಿ ಇದ್ದರೂ ಎಂಜಿನ್ ಕುದಿಯುತ್ತದೆ, ಕಂಪ್ಯೂಟರ್ ಶಕ್ತಿ ಕತ್ತರಿಸುತ್ತದೆ. ನೆಲವನ್ನು ಕೆರೆದು ಚೂರುಗಳನ್ನು ಮೇಲೆ ಹಾರಿಸಲು ಸ್ಕ್ರ್ಯಾಚರ್ ಎಂಬ ಸ್ಪ್ರಿಂಗ್ ಕಡ್ಡಿಗಳನ್ನು ಕೆಳಗಿಳಿಸಿಕೊಳ್ಳುವುದು ಇದಕ್ಕೇ. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗೂ ಹಿಮವೇ ಎಣ್ಣೆ. ಅದು ಸಿಗದಿದ್ದರೆ ಪಟ್ಟಿ ಬಿಸಿಯಾಗಿ ಟ್ರ್ಯಾಕನ್ನು ಹಿಡಿಯುತ್ತದೆ, ಎಂಜಿನ್ ಗಟ್ಟಿಮುಟ್ಟಾಗಿದ್ದೂ ಗಾಡಿ ತೆವಳುತ್ತದೆ.

ಟ್ರ್ಯಾಕನ್ನು ಸ್ಟ್ಯಾಂಡ್ ಮೇಲೆ ಎತ್ತಿ ಓಡಿಸಿ ಪರೀಕ್ಷಿಸುವಾಗ ಗಾಡಿಯ ಹಿಂದೆ ಯಾರೂ ನಿಲ್ಲಕೂಡದು. ಟ್ರ್ಯಾಕಿನಲ್ಲಿ ಸಿಕ್ಕಿಕೊಂಡ ಕಲ್ಲು, ಸಡಿಲಾದ ಉಕ್ಕಿನ ಮೊಳೆ ಗುಂಡಿನಂತೆ ಚಿಮ್ಮುತ್ತವೆ.