ಪಿ.ಟಿ. ನಿಂತಿತು, ಊಟ ನಿಲ್ಲಲಿಲ್ಲ

ಪ್ರಶ್ನೆ: ಸೈನ್ಯದಲ್ಲಿದ್ದಾಗ ತೆಳ್ಳಗಿದ್ದ ಅಪ್ಪ ನಿವೃತ್ತರಾಗಿ ಕಂಪ್ಲಿಗೆ ಬಂದ ಮೇಲೆ ದಪ್ಪಗಾಗಿದ್ದಾರೆ. ಇಳಿಸಿದರೂ ತೂಕ ಮತ್ತೆ ಏರುತ್ತದೆ. ಯಾಕೆ?

ಉತ್ತರ: ಬೆಳಗಿನ ಪಿ.ಟಿ. ನಿಂತಿತು, ಆ ಕಾಲದ ಊಟ ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ನಮ್ಮ ಹೊಸಪೇಟೆ ಕಡೆಯ ಸಂಜೆ ಎಂದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ! ಇನ್ನು ಇಳಿಸಿದ್ದು ಮರಳುವುದಕ್ಕೆ ಕಾರಣ ದೇಹದ ಜಿಪುಣತನ. ಕೊಬ್ಬು ಕರಗಿದಂತೆ ಲೆಪ್ಟಿನ್ ಹಾರ್ಮೋನು ಇಳಿದು ಹಸಿವು ಹೆಚ್ಚುತ್ತದೆ, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ತಗ್ಗುತ್ತದೆ.

ಹಾಗೆಂದು ಕೈಚೆಲ್ಲಬೇಡಿ, ಸ್ವಲ್ಪ ಇಳಿಸಿದರೂ ಲಾಭವಿದೆ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಸಣ್ಣದು: ಶೇ. 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ. ಆ ಗುಂಪಿನಲ್ಲಿ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು. 80 ಕಿಲೋ ಇದ್ದವರಿಗೆ ಆ ಶೇ. 7 ಎಂದರೆ ಬರೀ ಸುಮಾರು ಐದೂವರೆ ಕಿಲೋ.

ಅಪ್ಪನಿಗೊಬ್ಬರಿಗೇ ಬೇರೆ ಅಡುಗೆ ಮಾಡಿದರೆ ಹೆಚ್ಚು ದಿನ ನಡೆಯದು. ಮನೆಮಂದಿಯೆಲ್ಲ ಅನ್ನ ತಗ್ಗಿಸಿ ಜೋಳದ ರೊಟ್ಟಿ, ಕಾಳುಪಲ್ಯ ತಿನ್ನಿ. ಭಾನುವಾರ ಹಂಪಿಯ ಮಾತಂಗ ಬೆಟ್ಟ ಹತ್ತಿ (ಅವರ ಮೊಣಕಾಲು ಒಪ್ಪಿದರೆ), ಇಲ್ಲವೇ ಸಂಡೂರಿನ ಹಸಿರಲ್ಲಿ ನಡೆಯಿರಿ. ಹೊಟ್ಟೆಯ ಸುತ್ತಳತೆ ಅಪ್ಪನದು 90 ಸೆಂ.ಮೀ., ಅಮ್ಮನದು 80 ದಾಟದಿರಲಿ. ತಕ್ಕಡಿ ಇಲ್ಲದಿದ್ದರೂ ಅಪ್ಪನ ಹಳೆಯ ಬೆಲ್ಟಿನ ತೂತುಗಳೇ ಲೆಕ್ಕ ಹೇಳುತ್ತವೆ.